ಕಾರಿನ ಚೌಕಾಸಿಗೆ ಜೋರು ಬಾಯಿ ಬೇಕಾ?

ಪ್ರಶ್ನೆ: ಮೊದಲ ಸಲ ಹೊಸ ಕಾರು ತಗೊಳ್ಳಲು ಹೊರಟಿದ್ದೇನೆ. ಈಗಿರುವುದು ಸೆಕೆಂಡ್ ಹ್ಯಾಂಡ್ ಕಾರು, ಅದನ್ನು ಎಕ್ಸ್‌ಚೇಂಜ್‌ಗೆ ಹಾಕುವ ಯೋಚನೆ. ಒಂದೇ ಮಾಡೆಲ್‌ಗೆ ಎರಡು ಶೋರೂಮ್ ಸುತ್ತಿದೆ. ಪೂರ್ತಿ ದುಡ್ಡು ಒಟ್ಟಿಗೇ ಕೊಡುತ್ತೇನೆ ಅಂದರೂ ಯಾರೂ ಜಾಸ್ತಿ ಬಿಡಲಿಲ್ಲ. ಸಾಲ ತಗೊಂಡರೆ ಇನ್ನಷ್ಟು ಕಡಿಮೆ ಮಾಡುತ್ತೇವೆ ಅನ್ನುತ್ತಾರೆ, ಇದು ಉಲ್ಟಾ ಅಲ್ವಾ? ಒಂದು ಕಡೆ ಹಳೆ ಕಾರಿಗೆ ಒಳ್ಳೆ ರೇಟ್ ಹೇಳಿದರು, ಆದರೆ ಹೊಸ ಕಾರಿನ ಡಿಸ್ಕೌಂಟ್ ಕರಗಿಹೋಯಿತು. ‘ಆಫರ್ ಇವತ್ತೇ ಕೊನೆ, ಟೋಕನ್ ಹಾಕಿ ಮೇಡಂ’ ಅಂತ ದಿನಾ ಫೋನ್ ಬರುತ್ತದೆ. ನನ್ನ ತಂಗಿಯ ಗಂಡ ಅದೇ ಕಾರನ್ನು ನನಗೆ ಹೇಳಿದ್ದಕ್ಕಿಂತ ಕಡಿಮೆಗೆ ತಗೊಂಡಿದ್ದಾರೆ. ನನಗೆ ಚೌಕಾಸಿ ಅಂದರೆ ಸಂಕೋಚ. ಹೆಂಗಸು ಅಂತ ಜಾಸ್ತಿ ಹೇಳುತ್ತಿದ್ದಾರಾ? ವರ್ಷದ ಕೊನೆವರೆಗೆ ಕಾಯಲಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು ಇದ್ದರೂ ಭಯ ಒಂದೇ. ಗಟ್ಟಿಯಾಗಿ ಮಾತಾಡಲು ಬರುವವರಿಗೆ ಕಡಿಮೆ ಬೆಲೆ, ಬಾರದವರಿಗೆ ಟೋಪಿ ಅಂತ. ಶೋರೂಮ್ ಮಾರಾಟದಲ್ಲಿ ವರ್ಷಗಟ್ಟಲೆ ಮೇಜಿನ ಆಚೆ ಕಡೆ ಕೂತವನು ನಾನು, ಈಗ ಕೊಳ್ಳುವವರಿಗೆ ಸಲಹೆ ಕೊಡುತ್ತೇನೆ. ಜೋರು ಮಾಡಿ ಮೇಜು ಗುದ್ದಿದ ಗಿರಾಕಿಗಳಿಗಿಂತ, ಮೂರು ಕೋಟೇಷನ್ ಕಾಗದ ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡು ಸುಮ್ಮನೆ ಕೂತವರೇ ಒಳ್ಳೆ ಬೆಲೆಗೆ ಕಾರು ತಗೊಂಡು ಹೋಗಿದ್ದನ್ನು ನೋಡಿದ್ದೇನೆ. ನಿಮ್ಮ ಸಂಕೋಚ ಇಲ್ಲಿ ಅಡ್ಡಿಯೇ ಅಲ್ಲ. ಬಾಯಲ್ಲಿ ಮಾಡುವ ಚೌಕಾಸಿಯನ್ನು ಕಾಗದಕ್ಕೆ ಇಳಿಸಿದರೆ ಸಾಕು.

ಮೊದಲು ಹೆಂಗಸು ಅನ್ನುವ ಮಾತಿಗೆ ಬರುತ್ತೇನೆ. ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದ ಷಿಕಾಗೋದಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಗಂಡಸರು, ಹೆಂಗಸರು, ಬಿಳಿಯರು, ಕಪ್ಪು ಜನರು ಎಲ್ಲರಿಗೂ ಒಂದೇ ರೀತಿ ಮಾತಾಡಲು ತರಬೇತಿ ಕೊಟ್ಟು ಶೋರೂಮ್‌ಗಳಿಗೆ ಕಳಿಸಿದರು. 1995ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಒಂದೇ ಮಾತು ಆಡಿದರೂ ಬಿಳಿಯ ಗಂಡಸರಿಗೇ ಎಲ್ಲರಿಗಿಂತ ಕಡಿಮೆ ಬೆಲೆ ಹೇಳಿದ್ದರು. ಅಂದರೆ ಮುಖ ನೋಡಿ ಬೆಲೆ ಹೇಳುವುದು ನಿಜ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. 2003ರ ಮತ್ತೊಂದು ಅಧ್ಯಯನದಲ್ಲಿ, ನೇರವಾಗಿ ಶೋರೂಮ್‌ಗೆ ಹೋದ ಕಪ್ಪು ಮತ್ತು ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದ) ಜನ ಶೇಕಡಾ 2ರ ಆಸುಪಾಸು ಜಾಸ್ತಿ ಕೊಟ್ಟಿದ್ದರು. ಇಂಟರ್ನೆಟ್ ಮೂಲಕ ಬೆಲೆ ಕೇಳಿಕೊಂಡು ಹೋದವರಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಇರಲೇ ಇಲ್ಲ. ಬರಹದಲ್ಲಿ ಬೆಲೆ ಕೇಳಿದಾಗ ಎದುರಿನವರಿಗೆ ನಿಮ್ಮ ಮುಖ, ಬಟ್ಟೆ, ಆಸೆ ಯಾವುದೂ ಕಾಣುವುದಿಲ್ಲ. ನಿಮ್ಮಂಥವರಿಗೆ ಇದಕ್ಕಿಂತ ಒಳ್ಳೆ ದಾರಿ ಇನ್ನೊಂದಿಲ್ಲ.

ಇನ್ನು ನಗದು. ‘ಕ್ಯಾಷ್ ಕೊಟ್ಟರೆ ಜಾಸ್ತಿ ಬಿಡುತ್ತಾರೆ’ ಅನ್ನುವುದು ಹಳೇ ಕಾಲದ ನಂಬಿಕೆ. ನೀವು ಸಾಲ ಮಾಡಿದರೂ ಶೋರೂಮ್‌ಗೆ ಪೂರ್ತಿ ದುಡ್ಡು ಒಟ್ಟಿಗೇ ಬರುತ್ತದೆ, ಬ್ಯಾಂಕಿನಿಂದ. ಅದರ ಮೇಲೆ ಸಾಲ ಹಿಡಿದುಕೊಟ್ಟಿದ್ದಕ್ಕೆ ಕಮಿಷನ್ ಬೇರೆ ಸಿಗುತ್ತದೆ. ನಗದು ಗಿರಾಕಿಯಿಂದ ಆ ಕಮಿಷನ್ ಇಲ್ಲ. ಅದಕ್ಕೇ ಸಾಲ ತಗೊಂಡರೆ ಇನ್ನಷ್ಟು ಬಿಡುತ್ತೇವೆ ಅನ್ನುವುದು. ಆ ಕಮಿಷನ್‌ನಲ್ಲೇ ಒಂದು ತುಂಡು ಮುರಿದು ನಿಮಗೆ ಕೊಡುತ್ತಾರೆ. ಉಲ್ಟಾ ಏನಿಲ್ಲ, ಅವರ ಲೆಕ್ಕ ಸರಿಯಾಗೇ ಇದೆ. ಹಾಗಾಗಿ ಬೆಲೆ ನಿಗದಿಯಾಗುವ ತನಕ ದುಡ್ಡು ಹೇಗೆ ಕೊಡುತ್ತೀರಿ ಅಂತ ಬಾಯಿ ಬಿಡಬೇಡಿ. ಕೇಳಿದರೆ ‘ಎರಡೂ ಯೋಚಿಸ್ತಿದೀನಿ, ಮೊದಲು ಕಾರಿನ ರೇಟ್ ಹೇಳಿ’ ಅಂದರೆ ಆಯಿತು.

ಇಷ್ಟಕ್ಕೆಲ್ಲ ಕಾರಣ ಅರ್ಥವಾಗಬೇಕಾದರೆ ಶೋರೂಮ್ ಎಲ್ಲಿ ದುಡಿಯುತ್ತದೆ ಅಂತ ಗೊತ್ತಿರಬೇಕು. ಹೊಸ ಕಾರಿನ ಮೇಲಿನ ಲಾಭ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಇನ್ಷೂರೆನ್ಸ್ ಕಮಿಷನ್, ಸಾಲದ ಕಮಿಷನ್, ಆಕ್ಸೆಸರಿ, ಎಕ್ಸ್‌ಟೆಂಡೆಡ್ ವಾರಂಟಿ, ನಿಮ್ಮ ಹಳೆ ಕಾರನ್ನು ಮತ್ತೆ ಮಾರುವುದು, ಮುಂದೆ ವರ್ಷಗಟ್ಟಲೆ ಸರ್ವಿಸ್. ಇವೆಲ್ಲ ಸೇರಿಯೇ ಅವರ ಹೊಟ್ಟೆ ತುಂಬುವುದು. ಇದಲ್ಲದೆ ತಿಂಗಳಿಗೆ, ಮೂರು ತಿಂಗಳಿಗೆ ಇಷ್ಟು ಕಾರು ಅಂತ ಕಂಪನಿ ಟಾರ್ಗೆಟ್ ಕೊಡುತ್ತದೆ, ಮುಟ್ಟಿದರೆ ಬೋನಸ್. ಟಾರ್ಗೆಟ್‌ಗೆ ಎರಡು ಕಾರು ಕಮ್ಮಿ ಬಿದ್ದಾಗ ಆ ಎರಡನ್ನು ಅಸಲಿಗಿಂತ ಕೆಳಗೆ ಕೊಟ್ಟರೂ ಬೋನಸ್‌ನಲ್ಲಿ ಗಿಟ್ಟುತ್ತದೆ. ಇನ್ನೊಂದು ವಿಷಯ ಗಿರಾಕಿಗಳಿಗೆ ಗೊತ್ತಾಗುವುದೇ ಇಲ್ಲ. ಯಾರ್ಡ್‌ನಲ್ಲಿ ನಿಂತಿರುವ ಕಾರುಗಳನ್ನು ಡೀಲರ್ ಸಾಮಾನ್ಯವಾಗಿ ಸಾಲ ಮಾಡಿಯೇ ತಂದಿರುತ್ತಾರೆ. ನಿಂತಷ್ಟು ದಿನ ಬಡ್ಡಿ ಓಡುತ್ತದೆ. ಯಾರೂ ಕೇಳದ ಬಣ್ಣದ, ಮೂರು ತಿಂಗಳಿಂದ ಧೂಳು ಹಿಡಿದು ನಿಂತ ಕಾರು ಅವರಿಗೆ ತಲೆನೋವು, ನಿಮಗೆ ಅವಕಾಶ.

ಡಿಸ್ಕೌಂಟ್‌ನಲ್ಲೂ ಎರಡು ಜಾತಿ. ಕಂಪನಿಯೇ ಕೊಡುವುದು ಒಂದು. ಎಕ್ಸ್‌ಚೇಂಜ್ ಬೋನಸ್, ಹಳೆ ಗಿರಾಕಿಗೆ ಲಾಯಲ್ಟಿ ಬೋನಸ್, ಕೆಲವು ಸಂಸ್ಥೆಗಳ ನೌಕರರಿಗೆ ಕಾರ್ಪೊರೇಟ್ ಆಫರ್, ಇವೆಲ್ಲ ಅದರಲ್ಲಿ ಬರುತ್ತವೆ. ಅರ್ಹತೆ ಇದ್ದವರಿಗೆ ಯಾವ ಶೋರೂಮ್‌ಗೆ ಹೋದರೂ ಅದು ಸಿಗಬೇಕು. ಡೀಲರ್ ತಮ್ಮ ಜೇಬಿನಿಂದ ಬಿಡುವುದು ಇನ್ನೊಂದು. ಚೌಕಾಸಿ ನಡೆಯುವುದು ಈ ಎರಡನೆಯದರ ಮೇಲೆ ಮಾತ್ರ. ಸೇಲ್ಸ್‌ನವರು ಮೊದಲನೆಯದನ್ನೇ ತಮ್ಮ ಔದಾರ್ಯ ಅನ್ನುವಂತೆ ಕೊಟ್ಟು, ಎರಡನೆಯದರ ಸುದ್ದಿಯನ್ನೇ ಎತ್ತದಿರುವುದು ಮಾಮೂಲು. ಆದ್ದರಿಂದ ನೇರವಾಗಿ ಕೇಳಿ: ‘ಇದರಲ್ಲಿ ಕಂಪನಿ ಆಫರ್ ಎಷ್ಟು, ನಿಮ್ಮ ಕಡೆಯಿಂದ ಎಷ್ಟು?’ ಈ ಪ್ರಶ್ನೆ ಕೇಳುವವರು ಕಮ್ಮಿ. ಕೇಳಿದ ತಕ್ಷಣ ಮಾತಿನ ಧಾಟಿ ಬದಲಾಗುತ್ತದೆ.

ನಿಮ್ಮ ತಂಗಿಯ ಗಂಡನ ವಿಷಯಕ್ಕೆ ಉತ್ತರ ಇಲ್ಲೇ ಇರಬಹುದು. ಅವರಿಗೆ ಕಾರ್ಪೊರೇಟ್ ಆಫರ್ ಸಿಕ್ಕಿರಬಹುದು. ಒಂದು ದರ್ಜೆ ಕೆಳಗಿನ ವೇರಿಯಂಟ್ ಇರಬಹುದು, ಹಳೇ ಸ್ಟಾಕ್ ಇರಬಹುದು, ಇನ್ಷೂರೆನ್ಸ್ ಹೊರಗಿನಿಂದ ಮಾಡಿಸಿರಬಹುದು. ನೆಂಟರು ಹೇಳುವ ಅಂಕಿಯಲ್ಲಿ ಒಬ್ಬರು ಎಕ್ಸ್-ಶೋರೂಮ್ (ನೋಂದಣಿ, ಇನ್ಷೂರೆನ್ಸ್ ಸೇರದ) ಬೆಲೆ ಹೇಳಿದರೆ ಇನ್ನೊಬ್ಬರು ಎಲ್ಲ ಸೇರಿದ ಆನ್-ರೋಡ್ ಬೆಲೆ ಹೇಳುತ್ತಾರೆ. ಸಿಕ್ಕ ಡಿಸ್ಕೌಂಟನ್ನು ಸ್ವಲ್ಪ ಹೆಚ್ಚಿಸಿ ಹೇಳಿಕೊಳ್ಳುವವರೂ ಇದ್ದಾರೆ ಬಿಡಿ. ಅವರ ಇನ್‌ವಾಯ್ಸ್ ನೋಡಲು ಸಿಕ್ಕರೆ ನೋಡಿ, ಇಲ್ಲದಿದ್ದರೆ ಆ ಅಂಕಿಯನ್ನು ತಲೆಯಿಂದ ತೆಗೆದುಹಾಕಿ.

ಈಗ ಹಳೆ ಕಾರು. ನಿಮ್ಮನ್ನು ಗಲಿಬಿಲಿ ಮಾಡಿದ್ದು ಇದೇ. ಹೊಸ ಕಾರಿನ ಬೆಲೆ, ಹಳೆ ಕಾರಿನ ಬೆಲೆ, ಸಾಲ, ಇನ್ಷೂರೆನ್ಸ್ ಎಲ್ಲವನ್ನೂ ಒಂದೇ ಮಾತಿನಲ್ಲಿ ಕಲಸಿದಾಗ ಅದು ಬಲೂನಿನಂತೆ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಲೆಕ್ಕ ಹಾಕಿ ನೋಡೋಣ. ಹೊಸ ಕಾರಿನ ಬೆಲೆ 1,000 ಅಂತ ಇಟ್ಟುಕೊಳ್ಳಿ. ಮೊದಲ ಶೋರೂಮ್ 60 ಡಿಸ್ಕೌಂಟ್ ಕೊಟ್ಟು ಹಳೆ ಕಾರಿಗೆ 220 ಹೇಳುತ್ತದೆ. ನೀವು ಕೊಡಬೇಕಾದ್ದು 720. ಎರಡನೆಯವರು ಹಳೆ ಕಾರಿಗೆ 255 ಕೊಟ್ಟು ಹೊಸದಕ್ಕೆ 20 ಮಾತ್ರ ಬಿಡುತ್ತಾರೆ. ಕೊಡಬೇಕಾದ್ದು 725. ಎರಡನೇ ಕಡೆ ‘ನಮ್ಮ ಹಳೆ ಕಾರಿಗೆ ಎಷ್ಟು ಒಳ್ಳೆ ರೇಟ್ ಬಂತು!’ ಅಂತ ಖುಷಿಯಾಗಿ ಹೊರಗೆ ಬರುತ್ತೀರಿ, ಆದರೆ 5 ಜಾಸ್ತಿ ಕೊಟ್ಟಿರುತ್ತೀರಿ.

ಈ ಆಟ ಇವತ್ತಿನದಲ್ಲ. 1950ರ ದಶಕದಲ್ಲಿ ಅಮೆರಿಕದ ಡೀಲರ್‌ಗಳು ಹೊಸ ಕಾರಿನ ಬೆಲೆಯನ್ನು ಮೊದಲೇ ಉಬ್ಬಿಸಿಟ್ಟು, ಹಳೆ ಕಾರಿಗೆ ಭಾರಿ ಬೆಲೆ ಕೊಟ್ಟಂತೆ ತೋರಿಸುತ್ತಿದ್ದರು. ಅದು ಮಿತಿಮೀರಿದಾಗ 1958ರಲ್ಲಿ ಅಲ್ಲಿ ಕಾನೂನೇ ಬಂತು. ಪ್ರತಿ ಹೊಸ ಕಾರಿನ ಗಾಜಿಗೆ ಕಂಪನಿ ಸೂಚಿಸಿದ ಬೆಲೆಯ ಚೀಟಿ ಅಂಟಿಸಲೇಬೇಕು ಅಂತ. ಅದನ್ನು ಮುಂದೆ ನಿಂತು ಮಾಡಿಸಿದ ಸೆನೆಟರ್ ಮನ್ರೋನಿ ಹೆಸರಿನಲ್ಲೇ ಆ ಚೀಟಿಯನ್ನು ಇವತ್ತಿಗೂ ಕರೆಯುತ್ತಾರೆ.

ನೀವು ಮಾಡಬೇಕಾದ್ದು ಇಷ್ಟು. ಹೊಸ ಕಾರಿನ ಬೆಲೆ ಕಾಗದಕ್ಕೆ ಬರುವ ತನಕ ಹಳೆ ಕಾರಿನ ಮಾತು ಎತ್ತಬೇಡಿ. ಅಷ್ಟರೊಳಗೆ ಹಳೆ ಕಾರು ಕೊಳ್ಳುವ ಎರಡು ಮೂರು ಕಡೆ ತೋರಿಸಿ ಬೆಲೆ ಬರೆಸಿಕೊಂಡಿರಿ. ಆಮೇಲೆ ಶೋರೂಮ್‌ನ ರೇಟ್ ಜೊತೆ ಕಂಪನಿಯ ಎಕ್ಸ್‌ಚೇಂಜ್ ಬೋನಸ್ ಕೂಡಿಸಿ ಹೋಲಿಸಿ. ನೀವೇ ನೇರವಾಗಿ ಒಬ್ಬರಿಗೆ ಮಾರಿದರೆ ದುಡ್ಡು ಜಾಸ್ತಿ ಸಿಗುವುದು ನಿಜ. ಆದರೆ ನೋಡಲು ಬರುವವರ ಕಾಟ ಇರುತ್ತದೆ. ದಾಖಲೆಯಲ್ಲಿ ಮಾಲೀಕರ ಹೆಸರು ಬದಲಾಗುವ ತನಕ ಆ ಕಾರಿಗೆ ಬರುವ ದಂಡ, ಅದು ಮಾಡುವ ಅಪಘಾತ ನಿಮ್ಮ ಬಾಗಿಲಿಗೇ ಬರಬಹುದು. ಆ ತಲೆಬಿಸಿ ಬೇಡ ಅಂತ ಸ್ವಲ್ಪ ಕಮ್ಮಿಗೆ ಶೋರೂಮ್‌ಗೇ ಕೊಟ್ಟರೂ ತಪ್ಪೇನಿಲ್ಲ. ಎಷ್ಟು ಕಮ್ಮಿಗೆ ಕೊಡುತ್ತಿದ್ದೀರಿ ಅಂತ ಮಾತ್ರ ಗೊತ್ತಿರಲಿ.

ಕೋಟೇಷನ್ ಹೇಗೆ ತರಿಸಬೇಕು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅರ್ಧ ಕೆಲಸ ಅಲ್ಲೇ ಆಗುವುದು. ಮಾಡೆಲ್, ವೇರಿಯಂಟ್, ಬಣ್ಣ, ಗೇರ್ ಎಲ್ಲ ಮೊದಲೇ ತೀರ್ಮಾನ ಮಾಡಿ. ಟೆಸ್ಟ್ ಡ್ರೈವ್ ಮುಗಿದಿರಲಿ, ಆ ದಿನ ಬೆಲೆ ಮಾತಾಡಬೇಡಿ. ಆಮೇಲೆ ಕನಿಷ್ಠ ಮೂರು ಡೀಲರ್‌ಗಳಿಗೆ ಒಂದೇ ಮೆಸೇಜ್ ಕಳಿಸಿ: ‘ಈ ವೇರಿಯಂಟ್, ಈ ಬಣ್ಣ, ಎರಡು ವಾರದಲ್ಲಿ ತಗೊಳ್ಳುತ್ತೇನೆ. ಕಾರು ನನ್ನ ಕೈಗೆ ಬರುವಷ್ಟರಲ್ಲಿ ಒಟ್ಟು ಎಷ್ಟಾಗುತ್ತದೆ, ಬಿಡಿಬಿಡಿಯಾಗಿ ಬರೆದು ಕಳಿಸಿ. ತಯಾರಾದ ತಿಂಗಳು ಯಾವುದು ಅಂತಲೂ ಹೇಳಿ.’ ಕೆಲವರು ‘ಬನ್ನಿ ಮೇಡಂ, ಕೂತು ಮಾತಾಡೋಣ, ನಿಮಗೆ ಸ್ಪೆಷಲ್ ಮಾಡ್ಕೊಡ್ತೀವಿ’ ಅನ್ನುತ್ತಾರೆ. ಬರೆದು ಕೊಡದವರನ್ನು ಬಿಟ್ಟುಬಿಡಿ. ಬಂದಿದ್ದರಲ್ಲಿ ಕಡಿಮೆ ಇರುವುದನ್ನು ಉಳಿದ ಇಬ್ಬರಿಗೆ ತೋರಿಸಿ, ‘ಇದಕ್ಕಿಂತ ಕಡಿಮೆಗೆ ಆಗುತ್ತಾ?’ ಅಂತ ಒಂದೇ ಒಂದು ಸಲ ಕೇಳಿ. ಸುಳ್ಳು ಕೋಟೇಷನ್ ಹೇಳಲು ಹೋಗಬೇಡಿ. ಡೀಲರ್‌ಗಳಿಗೆ ಪರಸ್ಪರರ ರೇಟ್ ಚೆನ್ನಾಗಿ ಗೊತ್ತಿರುತ್ತದೆ, ಸಿಕ್ಕಿಬೀಳುತ್ತೀರಿ.

ಕೋಟೇಷನ್ ಕೈಗೆ ಬಂದಾಗ ಕೆಳಗಿನ ದೊಡ್ಡ ಅಂಕಿ ನೋಡುವ ಮುಂಚೆ ಮಧ್ಯದ ಸಾಲುಗಳನ್ನು ಓದಿ. ಕಾರಿನ ಬೆಲೆ, ತೆರಿಗೆ, ನೋಂದಣಿ, ಇವು ಸರಿ. ಇವುಗಳಲ್ಲಿ ಸರ್ಕಾರಕ್ಕೆ ಹೋಗುವ ಪಾಲನ್ನು ಯಾರೂ ಕಡಿಮೆ ಮಾಡಲಾರರು. ಅದರ ಕೆಳಗೆ ‘ಹ್ಯಾಂಡ್ಲಿಂಗ್’, ‘ಲಾಜಿಸ್ಟಿಕ್ಸ್’, ‘ಡಾಕ್ಯುಮೆಂಟೇಷನ್’ ಅಂತ ಏನಾದರೊಂದು ಇರುತ್ತದೆ. ಹೆಸರು ಏನೇ ಇರಲಿ, ಈ ದುಡ್ಡು ಯಾರಿಗೆ ಹೋಗುತ್ತದೆ, ಇದಕ್ಕೆ ರಸೀದಿ ಇದೆಯಾ ಅಂತ ಕೇಳಿ. ಆಮೇಲೆ ‘ಎಸೆನ್ಷಿಯಲ್ ಕಿಟ್’. ಮ್ಯಾಟು, ಮಡ್ ಫ್ಲಾಪ್, ಸೀಟ್ ಕವರ್, ಒಂದು ಪರ್ಫ್ಯೂಮ್ ಬಾಟಲಿ ಸೇರಿಸಿ ಕಟ್ಟಿದ ಗಂಟು ಅದು. ಕಡ್ಡಾಯ ಅನ್ನುವಂತೆ ಪ್ರಿಂಟ್ ಆಗಿರುತ್ತದೆ, ಆದರೆ ಅದಿಲ್ಲದಿದ್ದರೂ ಕಾರು ಓಡುತ್ತದೆ. ಪೇಂಟ್ ಕೋಟಿಂಗ್, ಕೆಳಭಾಗದ ಕೋಟಿಂಗ್ ಕೂಡ ಅಷ್ಟೇ, ಬೇಕು ಅನ್ನಿಸಿದರೆ ಹೊರಗೆ ವಿಚಾರಿಸಿ ನೋಡಿ. ‘ಇಷ್ಟು ಬೆಲೆಯ ಆಕ್ಸೆಸರಿ ಫ್ರೀ’ ಅಂದಾಗ, ಆ ಬೆಲೆ ಅವರ ಪಟ್ಟಿಯ ಬೆಲೆ. ಅವರಿಗೆ ಬೀಳುವ ಖರ್ಚು ಅದಕ್ಕಿಂತ ತೀರಾ ಕಮ್ಮಿ. ‘ಆಕ್ಸೆಸರಿ ಬೇಡ, ಅದರ ಅರ್ಧ ದುಡ್ಡು ಬೆಲೆಯಲ್ಲಿ ಕಳೆಯಿರಿ’ ಅಂತ ಕೇಳಿ ನೋಡಿ, ಎಷ್ಟು ಕೊಡಲು ಒಪ್ಪುತ್ತಾರೋ ಅದೇ ಅದರ ನಿಜವಾದ ಬೆಲೆ.

ಇನ್ಷೂರೆನ್ಸ್ ಹೊರಗಿನಿಂದ ತಂದರೆ ಕಡಿಮೆ ಆಗಬಹುದು. ಆದರೆ ಹೋಲಿಸುವಾಗ ಎರಡರಲ್ಲೂ ಕಾರಿನ ವಿಮಾ ಮೌಲ್ಯ, ಝೀರೋ ಡೆಪ್ರಿಸಿಯೇಷನ್‌ನಂಥ (ಬಿಡಿಭಾಗ ಹಳೆಯದಾಯಿತು ಅಂತ ಕ್ಲೇಮಿನಲ್ಲಿ ದುಡ್ಡು ಕಳೆಯದ) ಆಡ್-ಆನ್‌ಗಳು ಒಂದೇ ಇರಬೇಕು. ಮೌಲ್ಯ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವುದು ಸುಲಭ, ಕಾರು ಕಳುವಾದ ದಿನ ಅದರ ಬಿಸಿ ತಟ್ಟುತ್ತದೆ. ನೀವು ರಿಪೇರಿಗೆ ಬಿಡುವ ವರ್ಕ್‌ಶಾಪ್‌ನಲ್ಲಿ ಆ ಇನ್ಷೂರೆನ್ಸ್ ಕಂಪನಿಯ ಕ್ಯಾಷ್‌ಲೆಸ್ ಸೌಲಭ್ಯ ಇದೆಯಾ ಅಂತಲೂ ನೋಡಿಕೊಳ್ಳಿ. ಹೊರಗಿನ ಕೋಟೇಷನ್ ತೋರಿಸಿದರೆ ಎಷ್ಟೋ ಸಲ ಶೋರೂಮ್‌ನವರೇ ಅದೇ ಬೆಲೆಗೆ ಬರುತ್ತಾರೆ. ಆಗ ಅಲ್ಲೇ ಮಾಡಿಸಿದರೆ ಓಡಾಟ ತಪ್ಪುತ್ತದೆ.

ಸಾಲದ ಆಫರ್ ಬಗ್ಗೆ ಎರಡು ಎಚ್ಚರಿಕೆ. ‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?’ ಅನ್ನುವ ಪ್ರಶ್ನೆಗೆ ಉತ್ತರ ಕೊಡಬೇಡಿ. ಕಂತು ಕಮ್ಮಿ ಮಾಡುವುದು ಯಾರಿಗೂ ಕಷ್ಟವಲ್ಲ, ವರ್ಷ ಎಳೆದರೆ ಮುಗಿಯಿತು. ಶೇಕಡಾ 9ರ ಬಡ್ಡಿಯಲ್ಲಿ ಒಂದು ಲಕ್ಷ ಸಾಲಕ್ಕೆ 5 ವರ್ಷವಾದರೆ ಕಂತು ಸುಮಾರು 2,076. ಅದನ್ನೇ 7 ವರ್ಷಕ್ಕೆ ಎಳೆದರೆ 1,609ಕ್ಕೆ ಇಳಿಯುತ್ತದೆ. ಕೇಳಲು ಹಿತ. ಆದರೆ ಕಟ್ಟುವ ಒಟ್ಟು ಬಡ್ಡಿ ಸುಮಾರು 24,550ರಿಂದ 35,150ಕ್ಕೆ ಏರುತ್ತದೆ. ಎರಡನೆಯದು, ಬಡ್ಡಿ ‘ಫ್ಲಾಟ್’ ದರವೋ ‘ರೆಡ್ಯೂಸಿಂಗ್’ ದರವೋ ಕೇಳಿ. ಫ್ಲಾಟ್ ಅಂದರೆ ಕೊನೆಯ ತನಕ ಪೂರ್ತಿ ಸಾಲದ ಮೇಲೇ ಬಡ್ಡಿ. 5 ವರ್ಷದ ಸಾಲಕ್ಕೆ ಫ್ಲಾಟ್ ಶೇಕಡಾ 7 ಅಂದರೆ, ಅಸಲು ಇಳಿದಂತೆ ಬಡ್ಡಿ ಇಳಿಯುವ ರೆಡ್ಯೂಸಿಂಗ್ ಲೆಕ್ಕದಲ್ಲಿ ಅದು ಸುಮಾರು 12.5 ಆಗುತ್ತದೆ. ನಿಮ್ಮ ಹತ್ತಿರ ದುಡ್ಡು ಇದೆಯಲ್ಲ, ಡಿಸ್ಕೌಂಟ್‌ಗಾಗಿ ಸಾಲ ತಗೊಂಡು ಬೇಗ ತೀರಿಸುವ ದಾರಿಯೂ ಇದೆ. ಅದಕ್ಕೆ ಮೊದಲು ಪ್ರೊಸೆಸಿಂಗ್ ಫೀ, ಎಷ್ಟು ತಿಂಗಳ ತನಕ ತೀರಿಸುವಂತಿಲ್ಲ, ಮುಂಚಿತವಾಗಿ ತೀರಿಸಿದರೆ ಎಷ್ಟು ಶುಲ್ಕ, ಅಷ್ಟು ತಿಂಗಳ ಬಡ್ಡಿ ಎಷ್ಟು, ಎಲ್ಲ ಕೂಡಿಸಿ. ಡಿಸ್ಕೌಂಟ್ ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಈ ಸಾಹಸ.

ವರ್ಷದ ಕೊನೆಗೆ ಕಾಯಬೇಕಾ? ಆಗ ಡಿಸ್ಕೌಂಟ್ ಜಾಸ್ತಿ ಇರುವುದು ಸುಳ್ಳಲ್ಲ. ಆದರೆ ಅದು ಪುಕ್ಕಟೆ ಅಲ್ಲ. ಡಿಸೆಂಬರ್‌ನಲ್ಲಿ ಕೊಂಡ ಕಾರು ಒಂದೇ ತಿಂಗಳಲ್ಲಿ ಲೆಕ್ಕಕ್ಕೆ ‘ಹೋದ ವರ್ಷದ ಗಾಡಿ’. ಮುಂದೆ ಮಾರುವಾಗ ಆ ಒಂದು ವರ್ಷವನ್ನು ಕೊಳ್ಳುವವರು ಮರೆಯದೆ ಕಳೆಯುತ್ತಾರೆ. ಮೂರು ನಾಲ್ಕು ವರ್ಷಕ್ಕೆ ಕಾರು ಬದಲಿಸುವವರಿಗೆ ಇದು ನಷ್ಟ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಲೆಕ್ಕಕ್ಕೇ ಬರುವುದಿಲ್ಲ. ನೀವು ಯಾವ ಪೈಕಿ ಅಂತ ಪತ್ರದಲ್ಲಿ ಬರೆದಿಲ್ಲ, ನೀವೇ ನಿರ್ಧರಿಸಿ. ವರ್ಷದ ಕೊನೆ ದೂರ ಇದ್ದರೆ ನಾನಂತೂ ಕಾಯುವುದಿಲ್ಲ. ತಿಂಗಳ ಕೊನೆ ಅಥವಾ ಮೂರು ತಿಂಗಳ ಟಾರ್ಗೆಟ್ ಮುಗಿಯುವ ವಾರ ನೋಡಿಕೊಂಡು ಹೋಗುತ್ತೇನೆ. ಕಾಯುವುದರೊಳಗೆ ಕಂಪನಿ ಬೆಲೆ ಏರಿಸುವ ಅಪಾಯವೂ ಇದೆಯಲ್ಲ.

ನೀವು ಆರಿಸಿದ ಕಾರಿಗೆ ತಿಂಗಳುಗಟ್ಟಲೆ ವೇಟಿಂಗ್ ಇದ್ದರೆ ಮೇಲಿನ ಅರ್ಧ ಮಾತು ನಡೆಯುವುದಿಲ್ಲ. ಕ್ಯೂ ನಿಂತ ಕಾರಿಗೆ ಯಾರೂ ದುಡ್ಡು ಬಿಡುವುದಿಲ್ಲ. ಅಲ್ಲಿ ಕಿಟ್, ಕೋಟಿಂಗ್, ಇನ್ಷೂರೆನ್ಸ್ ಬಲವಂತ ಮಾಡದಂತೆ ನೋಡಿಕೊಳ್ಳುವುದೇ ದೊಡ್ಡ ಉಳಿತಾಯ. ‘ನಮ್ಮಲ್ಲಿ ಒಂದೇ ಬೆಲೆ, ಚೌಕಾಸಿ ಇಲ್ಲ’ ಅನ್ನುವ ಕಡೆಯೂ ಅಷ್ಟೇ. ಜನರಲ್ ಮೋಟಾರ್ಸ್ 1990ರಲ್ಲಿ ಸ್ಯಾಟರ್ನ್ ಕಾರುಗಳನ್ನು ಹೀಗೇ ಮಾರಲು ಶುರು ಮಾಡಿತ್ತು, ಟೆಸ್ಲಾ ಡೀಲರ್‌ಗಳನ್ನೇ ಇಟ್ಟುಕೊಳ್ಳದೆ ತಾನೇ ನೇರವಾಗಿ ಮಾರುತ್ತದೆ. ಅಲ್ಲಿ ಕಾರಿನ ಬೆಲೆಯ ಮೇಲೆ ಗುದ್ದಾಡಬೇಡಿ, ಹಳೆ ಕಾರು ಮತ್ತು ಸಾಲದ ಕಡೆ ಗಮನ ಕೊಡಿ.

ದಿನಾ ಬರುವ ಆ ಫೋನ್ ಬಗ್ಗೆ. ಕಂಪನಿ ಆಫರ್‌ಗೆ ಸಾಮಾನ್ಯವಾಗಿ ಒಂದು ಕೊನೆಯ ದಿನಾಂಕ ಇರುತ್ತದೆ, ಅದು ನಿಜ. ಆದರೆ ಮುಂದಿನ ತಿಂಗಳು ಇನ್ನೊಂದು ಆಫರ್ ಬರುವುದೂ ಅಷ್ಟೇ ಮಾಮೂಲು. ‘ಆಫರ್‌ನ ಕೊನೆಯ ದಿನಾಂಕ ಬರಹದಲ್ಲಿ ಕಳಿಸಿ’ ಅನ್ನಿ, ಅವಸರ ಎಷ್ಟು ನಿಜ ಅಂತ ಗೊತ್ತಾಗುತ್ತದೆ. ಫೋನ್ ಮಾಡುವ ಹುಡುಗನ ಮೇಲೆ ಸಿಟ್ಟಾಗಬೇಡಿ. ಅವನಿಗೂ ಕಾರಿಗಿಷ್ಟು, ಇನ್ಷೂರೆನ್ಸ್‌ಗಿಷ್ಟು ಅಂತ ಇನ್ಸೆಂಟಿವ್ ಇರುತ್ತದೆ, ಮೇಲಿನಿಂದ ದಿನಾ ಬೈಗುಳವೂ ಇರುತ್ತದೆ. ಮರ್ಯಾದೆಯಿಂದ ಮಾತಾಡುವ, ತೀರ್ಮಾನ ಬೇಗ ಹೇಳುವ ಗಿರಾಕಿಗಾಗಿ ಅವನೇ ಮ್ಯಾನೇಜರ್ ಹತ್ತಿರ ವಾದ ಮಾಡುತ್ತಾನೆ.

ಟೋಕನ್ ಕೊಡುವ ಮುಂಚೆ ಮಾತ್ರ ಬಿಗಿಯಾಗಿರಿ. ಬಾಯಿಮಾತಿನಲ್ಲಿ ಕಡಿಮೆ ಬೆಲೆಗೆ ಒಪ್ಪಿ, ಟೋಕನ್ ತಗೊಂಡ ಮೇಲೆ ‘ಮ್ಯಾನೇಜರ್ ಒಪ್ಪಲಿಲ್ಲ’ ಅಂತ ಏರಿಸುವ ತಂತ್ರ ಒಂದಿದೆ. ಒಮ್ಮೆ ಹೂಂ ಅಂದವರು ಷರತ್ತು ಕೆಟ್ಟದಾದರೂ ಹಿಂದೆ ಸರಿಯುವುದು ಕಡಿಮೆ ಅಂತ ಮನಶ್ಶಾಸ್ತ್ರಜ್ಞರು 1978ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಕೋಟೇಷನ್ ಹಿಂಬದಿಯಲ್ಲಿ ಪೆನ್ನಿನಲ್ಲಿ ಗೀಚಿದ ಅಂಕಿಗೆ ಬೆಲೆ ಇಲ್ಲ. ಬುಕಿಂಗ್ ಫಾರಂ ಮೇಲೆ ಒಟ್ಟು ಬೆಲೆ, ಎಲ್ಲ ಡಿಸ್ಕೌಂಟ್, ಡೆಲಿವರಿ ದಿನಾಂಕ, ರದ್ದು ಮಾಡಿದರೆ ಟೋಕನ್ ಎಷ್ಟು ವಾಪಸ್ ಅನ್ನುವುದು ಬರೆದು, ಮ್ಯಾನೇಜರ್ ಸಹಿ, ಸೀಲು ಬೀಳಲಿ. ‘ಡೆಲಿವರಿ ದಿನದ ಬೆಲೆ ಅನ್ವಯ’ ಅಂತ ಸಣ್ಣ ಅಕ್ಷರದಲ್ಲಿ ಇದ್ದರೆ, ನಡುವೆ ಬೆಲೆ ಏರಿದರೆ ಏರಿಕೆ ನಿಮ್ಮ ತಲೆಗೇ. ಅದನ್ನು ಹೊಡೆಸಿ, ಇಲ್ಲವೇ ಡೆಲಿವರಿ ತಡವಾದರೆ ಟೋಕನ್ ಪೂರ್ತಿ ವಾಪಸ್ ಅಂತ ಸೇರಿಸಿ. ಟೋಕನ್ ಕೂಡ ಶೋರೂಮ್‌ನ ಖಾತೆಗೇ ಹೋಗಲಿ, ಯಾರದೋ ವೈಯಕ್ತಿಕ ನಂಬರಿಗೆ ಬೇಡ.

ಬಾಕಿ ದುಡ್ಡು ಕಟ್ಟುವ ಮುಂಚೆ ಹಗಲು ಹೊತ್ತಿನಲ್ಲಿ ಯಾರ್ಡ್‌ಗೇ ಹೋಗಿ ಕಾರು ನೋಡಿ. 17 ಅಕ್ಷರ-ಅಂಕಿಗಳ ಚಾಸಿ ನಂಬರ್ ಕಾಗದದ ಜೊತೆ ತಾಳೆಯಾಗಬೇಕು. ಓಡಿದ ಕಿಲೋಮೀಟರ್ ನೋಡಿ, ಟೆಸ್ಟ್ ಡ್ರೈವ್‌ಗೆ ಓಡಿಸಿದ ಡೆಮೊ ಕಾರನ್ನೇ ತೊಳೆದು ನಿಲ್ಲಿಸಿಲ್ಲ ಅಂತ ಖಾತ್ರಿಯಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2324 ಅಂತ ಇದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಟೈರುಗಳು ಕಾರಿಗಿಂತ ಕೆಲವು ವಾರ ಹಳೆಯವಾಗಿರುವುದು ಸಹಜ. ಕಾರಿನ ತಯಾರಿಕೆಯ ತಿಂಗಳಿಗಿಂತ ಹೊಸದಾಗಿದ್ದರೆ ಟೈರು ಯಾಕೆ ಬದಲಿಸಿದರು ಅಂತ ಕೇಳಿ. ಬಾನೆಟ್ ಅಂಚು, ಬಾಗಿಲಿನ ಸಂದು, ಬಂಪರ್ ಮೂಲೆಯ ಬಣ್ಣ ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಮತ್ತೆ ಬಳಿದದ್ದು ಗೊತ್ತಾಗುತ್ತದೆ. ಏನಾದರೂ ಹೊಂದದಿದ್ದರೆ ಫೋಟೋ ತೆಗೆದು ಆಗಲೇ ಬರಹದಲ್ಲಿ ಕಳಿಸಿ, ಬೇರೆ ಕಾರು ಕೊಡಿ ಅಂತ ಕೇಳಿ. ನೋಂದಣಿ ಆಗುವ ಮುಂಚೆ ಅದನ್ನು ಬದಲಿಸುವುದು ಅವರಿಗೂ ಸುಲಭ.